ಖಂಡೆನವಮಿಯ ಖಾಲಿ ಫೈಲು

ಸಾನಪಾಡಾದ ನಮ್ಮ ಆಫೀಸಿನಲ್ಲಿ ಇವತ್ತು ಖಂಡೆನವಮಿ, ಕಂಪ್ಯೂಟರುಗಳಿಗೆ ಆಯುಧಪೂಜೆ. ಚೆಂಡುಹೂವಿನ ಘಾಟು ಮೂಗಿಗೆ ಬಡಿದದ್ದೇ ನನ್ನ ಮೊದಲ ಕೆಲಸದ ಸರ್ ನೆನಪಾದರು...

ಸರ್ ವಿಜಾಪುರದ ಕಡೆಯವರು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲಾರಿ ತೂಗುವ ಕಾಂಟಾಕ್ಕೆ ನಾವು ಸಾಫ್ಟ್‌ವೇರ್ ಬರೆದಿದ್ದೆವು. ತೂಕ ಓದುವ ಪ್ರೋಗ್ರಾಮು ಒಂದು, ಚೀಟಿ ಮುದ್ರಿಸುವುದು ಇನ್ನೊಂದು. ಅವು ಮಾತಾಡಿಕೊಳ್ಳಬೇಕಾದರೆ ಎರಡರ ಬಳಿಯೂ ಒಂದೇ ಕೀ, ಅಂದರೆ ಒಂದೇ ಗುರುತಿನ ಸಂಖ್ಯೆ, ಇರಬೇಕು. ಒಂದು ಖಾಲಿ ಫೈಲಿನ ಪಾಥ್, ಅದು ಇರುವ ಜಾಗದ ವಿಳಾಸ, ಕೊಟ್ಟು ಆ ಕೀ ಹುಟ್ಟಿಸುತ್ತಿದ್ದೆವು. “ಹೆಸರು ನೋಡಿ ಮೋಸ ಹೋಗಬ್ಯಾಡ್ರಿ,” ಎಂದು ಕಲಿಸಿದವರೂ ಸರ್ರೇ. “ಕೀ ಹುಟ್ಟೂದು ಡಿಸ್ಕಿನ್ಯಾಗ ಆ ಫೈಲಿಗಿರೋ ನಂಬರಿನಿಂದ. ಅಳಿಸಿ ಅದ ಹೆಸರಿಲೆ ಮತ್ತೊಂದು ಮಾಡಿದ್ರ ಕೀನೂ ಬ್ಯಾರೆ ಆಗ್ತದ.”

ಖಂಡೆನವಮಿಗೆ ಅವರ ಮನೆಯಲ್ಲಿ ಮೂಲೆಮೂಲೆ ಸ್ವಚ್ಛವಾಗಬೇಕು. ಅದೇ ರೂಢಿ ಕಂಪ್ಯೂಟರಿನ ಒಳಗೂ. ಒಂದು ವರ್ಷ ಹಬ್ಬದ ಹಿಂದಿನ ದಿನ ಸರ್ ಕಾಂಟಾದ ಕಂಪ್ಯೂಟರಿನಲ್ಲಿ ಬೇಡದ ಫೈಲುಗಳನ್ನು ಗುಡಿಸುವಾಗ ಆ ಖಾಲಿ ಫೈಲೂ ಹೋಯಿತು. ಗೊತ್ತಾದೊಡನೆ ಅದೇ ಹೆಸರಿನ ಇನ್ನೊಂದನ್ನು ಮಾಡಿಟ್ಟರು. ಬೆಳಿಗ್ಗೆ ಪೂಜೆ ಮುಗಿಸಿ ಚೀಟಿಯ ಪ್ರೋಗ್ರಾಮನ್ನು ಮಾತ್ರ ಹೊಸದಾಗಿ ಶುರು ಮಾಡಿದರು. ಅದಕ್ಕೆ ಹೊಸ ಕೀ ಸಿಕ್ಕಿತು. ತೂಕದ್ದು ಹಳೆಯದನ್ನೇ ಹಿಡಿದು ಕೂತಿತ್ತು. ಒಂದು ಚೀಟಿಯೂ ಬರಲಿಲ್ಲ. ಲಾರಿಗಳು ರಸ್ತೆಯವರೆಗೆ ನಿಂತವು. ಸರ್ ಪ್ರಿಂಟರಿನ ವೈರು ಬಿಚ್ಚಿ ಹಾಕುತ್ತಲೇ ಇದ್ದರು. ಕಾಂಟಾದ ಮಾಲೀಕ “ಔರ್ ಕರೋ ಪೂಜಾ!” ಎಂದು ಪೂಜೆಯನ್ನೇ ಹಂಗಿಸಿ ಎಲ್ಲರೆದುರು ಕೂಗಾಡಿದ. ಆಮೇಲೆ ಸರ್ ಕೈ ತಟ್ಟನೆ ನಿಂತಿತು.

“ಫೈಲು... ನಾನ ಅಳಿಸೇನಿ,” ಎಂದರು. ಎರಡನ್ನೂ ನಿಲ್ಲಿಸಿ ಮತ್ತೆ ಶುರು ಮಾಡಿದ್ದೇ ಚೀಟಿ ಬಂತು. ಅವರು ಯಾರ ಮುಖವನ್ನೂ ನೋಡಲಿಲ್ಲ.

ಮುಂದೆ ಪ್ರತಿ ಖಂಡೆನವಮಿಗೂ ನಮಗದೇ ತಮಾಷೆ. “ಸರ್, ಈ ಸಲ ಯಾವ ಫೈಲು ಗುಡಿಸಿದ್ರಿ?” ಎಂದು ಎಲ್ಲರಿಗಿಂತ ಮೊದಲು ಕೇಳುತ್ತಿದ್ದವನು ನಾನೇ. ಸರ್ ನಗುತ್ತಿದ್ದರು. ನಗುತ್ತಾರಲ್ಲ, ಆ ದಿನದ ಅವಮಾನ ಮರೆತಿದ್ದಾರೆ ಅಂದುಕೊಂಡಿದ್ದೆ...

ಹೋದ ತಿಂಗಳು ಸರ್ ತೀರಿಕೊಂಡರು. ಕಾಮೋಠೆಯ ಮನೆಗೆ ಮಾತಾಡಿಸಲು ಹೋದಾಗ ಅವರ ಹೆಂಡತಿ ಮೂಲೆಯಲ್ಲಿದ್ದ ಕಂಪ್ಯೂಟರ್ ನೋಡುತ್ತ ಕೇಳಿದರು: “ಹಬ್ಬಕ್ಕ ಎಲ್ಲಾದಕ್ಕೂ ಹೂ ಏರಿಸ್ತಿದ್ರು, ಅದಕ್ಕೊಂದು ಬಿಟ್ಟು. ಖಂಡೆನವಮಿ ಬಂತಂದ್ರ ಆಫೀಸಿಗೆ ಹೋಗೂದ ಬ್ಯಾಡ ಅನಸ್ತದ ಅಂತಿದ್ರು. ಯಾಕಂತ ನಿಮಗೇನರ ಹೇಳಿದ್ರೇನ್ರೀ?”

“ಇಲ್ಲ ವೈನಿ,” ಅಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಸರ್, ಆಪ್ ಚಢಾಯಿಯೇ,” ಎಂದು ಆಫೀಸಿನ ಹುಡುಗರು ಈಗಷ್ಟೇ ಕಂಪ್ಯೂಟರಿಗೆ ಏರಿಸಲು ನನ್ನ ಕೈಗೆ ಹೂ ಕೊಟ್ಟರು. ಇಲ್ಲಿ ಸರ್ ಅಂದರೆ ನಾನು. ಹೂ ಹಿಡಿದುಕೊಂಡು ಕಂಪ್ಯೂಟರಿನ ಮುಂದೆ ನಿಂತೆ. ತಪ್ಪಾಯಿತು ಅನ್ನೋಣವೆಂದರೆ ಸರ್ ಇಲ್ಲ.