ಗದ್ದ ಎತ್ತಿದರೆ ಇಲ್ಲ, ತಲೆ ಆಡಿಸಿದರೆ ಹ್ಞೂಂ

ಮೊನ್ನೆ ಇಂಗ್ಲೆಂಡಿನ ನಮ್ಮೂರು ಸಟನ್ ಕೋಲ್ಡ್‌ಫೀಲ್ಡಿನ ರೌಂಡಬೌಟ್‌ನಲ್ಲಿ ಎಕ್ಸಿಟ್ ತಪ್ಪಿ ಸುತ್ತಿದ್ದೇ ಸುತ್ತಿದೆ. ಹಿಂದಿನವರು ಹಾರ್ನ್ ಹೊಡೆದರು. (ಈ ದೇಶದಲ್ಲಿ ಹಾರ್ನ್ ಅಂದರೆ ಬೈಗುಳ.) ಕಾರಣ, ಪಕ್ಕದ ಸೀಟಿನಲ್ಲಿದ್ದ ಎಮಿನೆ ಗದ್ದ ಎತ್ತಿ 'ಚ್' ಎಂದಿದ್ದು.

ಎಮಿನೆ ಟರ್ಕಿಯವಳು. ಗಂಡನಿಗೆ ವೇರ್‌ಹೌಸಿನಲ್ಲಿ ಕೆಲಸ. ಲೈಬ್ರರಿಯಲ್ಲಿ ಪ್ರತಿ ಮಂಗಳವಾರ ನಾವು ಕೆಲವರು ನಡೆಸುವ ಇಂಗ್ಲಿಷ್ ಮಾತುಕತೆ ಕ್ಲಾಸಿಗೆ ತಪ್ಪದೆ ಬರುತ್ತಾಳೆ. ನನ್ನನ್ನು 'ಅಬ್ಲಾ' ಅನ್ನುತ್ತಾಳೆ. ಅಂದರೆ ಅಕ್ಕ. ಆ ಒಂದು ಮಾತಿಗೆ ಸೋತು ಅವಳು ಕರೆದಲ್ಲಿಗೆಲ್ಲ ಹೋಗುತ್ತೇನೆ.

ಈ ಸಲ ಕರೆದದ್ದು ಮಗಳು ಎಲಿಫ್‌ಳ ಶಾಲೆಯ ಪೇರೆಂಟ್ಸ್ ಈವ್ನಿಂಗಿಗೆ. GP ಡಾಕ್ಟರ ಹತ್ತಿರ, ಕೌನ್ಸಿಲ್ ಆಫೀಸಿನಲ್ಲಿ ಎಲ್ಲ ಕಡೆ ಅಮ್ಮನಿಗೆ ಅನುವಾದಕಿ ಎಲಿಫಳೇ. ಆದರೆ ಅವಳ ಓದಿನ ಬಗ್ಗೆ ಮೇಷ್ಟ್ರು ಹೇಳುವುದನ್ನು ಅವಳ ಬಾಯಲ್ಲೇ ಕೇಳುವುದು ಹೇಗೆ? ನನಗೆ ಟರ್ಕಿಶ್ ಒಂದಕ್ಷರ ಬಾರದು. ಅದು ದೊಡ್ಡ ಅಡ್ಡಿ ಎಂದು ಎಮಿನೆಗೆ ಅನ್ನಿಸಲಿಲ್ಲ.

ಮ್ಯಾತ್ಸ್ ಮೇಷ್ಟ್ರು ಚಿಕ್ಕ ವಯಸ್ಸಿನವರು, ಒಳ್ಳೆಯವರು. "ಎಲಿಫ್ ಲೆಕ್ಕದಲ್ಲಿ ಬಹಳ ಚುರುಕು. ಆದರೆ ಪ್ರಶ್ನೆಯ ಇಂಗ್ಲಿಷ್ ಅರ್ಥವಾಗೋದಿಲ್ಲ. ಸ್ವಲ್ಪ ದಿನ ಕೆಳಗಿನ ಸೆಟ್‌ಗೆ ಹಾಕೋಣ. ಆಗಬಹುದಾ?" ಎಂದರು. ಇಲ್ಲಿ ಮಕ್ಕಳ ಮಟ್ಟ ನೋಡಿ ಬೇರೆ ಬೇರೆ ಸೆಟ್ ಮಾಡುತ್ತಾರೆ. ಕೆಳಗೆ ಇಳಿಯುವುದು ಸುಲಭ. ಹತ್ತುವುದು? ಅದನ್ನು ಯಾರೂ ಹೇಳುವುದಿಲ್ಲ.

ಎಮಿನೆ ಹುಬ್ಬು ಏರಿಸಿ, ಗದ್ದ ಎತ್ತಿ, 'ಚ್' ಎಂದಳು.

ನಮ್ಮಲ್ಲಿ ಲೊಚಗುಟ್ಟಿದರೆ ಅಯ್ಯೋ ಪಾಪ ಎಂದರ್ಥ ತಾನೇ? ಮಗಳನ್ನು ನೆನೆದು ನೊಂದುಕೊಂಡಳು ಅಂದುಕೊಂಡೆ. ಮೇಷ್ಟ್ರಿಗೆ ಕಂಡದ್ದು ಅವಳ ತಲೆ ಮೇಲಕ್ಕೆ ಹೋಗಿದ್ದಷ್ಟೇ. ಅನುಮಾನದಿಂದ ನನ್ನ ಮುಖ ನೋಡಿದರು. ನಾನು ನಮ್ಮ ಮೈಸೂರಿನವರೆಲ್ಲ ಮಾಡುವಂತೆ ತಲೆಯನ್ನು ಆ ಕಡೆ ಈ ಕಡೆ ಆಡಿಸಿದೆ. 'ಹ್ಞೂಂ, ಕೇಳಿಸ್ತಾ ಇದೆ, ಮುಂದೆ ಹೇಳಿ' ಅನ್ನುವ ಅರ್ಥದಲ್ಲಿ.

"ಲವ್ಲಿ," ಎಂದು ಅವರು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದರು.

ಕಾರಿನಲ್ಲಿ ಎಮಿನೆ ಖುಷಿಯಾಗಿದ್ದಳು. "ಗುಡ್ ಟೀಚರ್, ಅಬ್ಲಾ. ಐ ಸೇ ನೋ, ಹೀ ಸೇ ಲವ್ಲಿ."

"ನೀನು ಯಾವಾಗ ನೋ ಅಂದೆ?"

ಗದ್ದ ಎತ್ತಿ, 'ಚ್' ಎಂದು ತೋರಿಸಿದಳು. ಅವರ ಊರಿನಲ್ಲಿ ಅದೇ 'ಇಲ್ಲ'. ಅದಕ್ಕಿಂತ ಸ್ಪಷ್ಟವಾದ 'ಇಲ್ಲ' ಇಲ್ಲವಂತೆ. ಹಾಗಾದರೆ ಮೇಷ್ಟ್ರು ಒಪ್ಪಿಗೆ ಎಂದು ಬರೆದುಕೊಂಡದ್ದು ನನ್ನ ತಲೆಯಾಟವನ್ನು!

ರೌಂಡಬೌಟ್ ಸುತ್ತಿದ್ದು ಆಗಲೇ. ಕೊನೆಗೆ ಶಾಲೆಯ ಕಡೆಗೇ ತಿರುಗಿಸಿದೆ. ಮೇಷ್ಟ್ರು ಕೋಟು ಹಾಕಿಕೊಳ್ಳುತ್ತಿದ್ದರು. ನಾನು ವಿವರಿಸಲು ಬಾಯಿ ತೆರೆದೆ. ಎಮಿನೆ ನನ್ನ ತೋಳು ಹಿಡಿದು ತಡೆದಳು.

"ನೋ," ಎಂದಳು. "ಎಲಿಫ್ ಸ್ಟೇ. ಇಂಗ್ಲಿಷ್, ಯು ಹೆಲ್ಪ್. ಮ್ಯಾತ್ಸ್, ಶೀ ಗುಡ್."

ಜೊತೆಗೆ ಎಲ್ಲಿ ಅಭ್ಯಾಸಬಲದಿಂದ 'ಸಾರಿ' ಸೇರಿಸುತ್ತಾಳೋ ಎಂದು ನನಗೆ ಭಯ. ಸೇರಿಸಲಿಲ್ಲ. ನನಗೆ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ?

ಮೇಷ್ಟ್ರು ಪೆಚ್ಚಾಗಿ ಕೆಂಪಾದರು. ಕೋಟಿನಲ್ಲೇ ಕೂತು ಲ್ಯಾಪ್‌ಟಾಪ್ ತೆರೆದು ಬದಲಾಯಿಸಿದರು. ಎಲಿಫ್ ಇದ್ದ ಸೆಟ್‌ನಲ್ಲೇ ಇರುತ್ತಾಳೆ. ಪ್ರಶ್ನೆ ಓದಿ ಅರ್ಥ ಮಾಡಿಸಲು ವಾರಕ್ಕೊಮ್ಮೆ ಒಬ್ಬರು ಪಕ್ಕದಲ್ಲಿ ಕೂರುತ್ತಾರೆ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. (ಅವರು GP. ಇಂಥ ಗಲಿಬಿಲಿ ಅವರಿಗೆ ಹೊಸದಲ್ಲ.) "ನೀನೇನು ಮಾಡ್ದೆ?" ಎಂದರು.

"ತಲೆ ಆಡಿಸ್ದೆ."

"ಯಾವ ಕಡೆಗೆ?"

ನಗುತ್ತಾ ನಗುತ್ತಾ ನಮ್ಮ ಕ್ಲಾಸಿನ ಪಾಠಗಳು ನೆನಪಾದವು. ಪ್ಲೀಸ್, ಥ್ಯಾಂಕ್ಯೂ, ಸಾರಿ, ಎಕ್ಸ್‌ಕ್ಯೂಸ್ ಮಿ, ಲವ್ಲಿ ವೆದರ್. ಬಂದವರು ಇಲ್ಲಿಯವರಾಗಿ ಬೆರೆಯಲಿ ಎಂದು ಇಷ್ಟೆಲ್ಲ ಕಲಿಸಿದ ನಾವು, ಗಟ್ಟಿಯಾಗಿ 'ನೋ' ಅನ್ನುವುದನ್ನು ಮಾತ್ರ ಯಾಕೆ ಕಲಿಸಲಿಲ್ಲ?