ಕಾವು ಮುಗಿಯುವ ತನಕ ಏಳುವುದಿಲ್ಲ

ಬೆಳಗಿನ ಐದೂವರೆ. ಕೋಳಿ ಫಾರಂನ ಮೂರು ಉದ್ದನೆಯ ಶೆಡ್‌ಗಳ ಹಿಂದೆ, ಒಂದು ಕಾಲಕ್ಕೆ ಹರಕು ಚೀಲ ತುರುಕುತ್ತಿದ್ದ ಸಣ್ಣ ಕೋಣೆ. ನೆಲದ ಮೇಲೆ ಮೂರು ಬುಟ್ಟಿ, ಬುಟ್ಟಿಗೊಂದು ಹೇಂಟೆ. ಮಂಡಿಯೂರಿ ಕೂತ ಹೆಂಗಸೊಬ್ಬರು ಮೊದಲ ಹೇಂಟೆಯ ಹೊಟ್ಟೆಯಡಿ ಕೈ ತೂರಿಸುತ್ತಾರೆ. ಅದು ಗರಿ ಕೆದರಿ, ಗುರ್ರೆಂದು, ಮುಂಗೈಗೆ ಸರಿಯಾಗಿ ಕುಕ್ಕುತ್ತದೆ.

"ಕುಕ್ಕು ತಾಯಿ, ಕುಕ್ಕು. ಕುಕ್ಕದಿದ್ರೆ ನೀನೆಂಥ ಅಮ್ಮ?" ಎನ್ನುತ್ತಾ ಅವರು ಒಂದು ಮೊಟ್ಟೆ ತೆಗೆದು ಕಿವಿಗೆ ಹಿಡಿಯುತ್ತಾರೆ. ಆಮೇಲೆ ಇನ್ನೊಂದು. ಹುಬ್ಬು ಗಂಟಿಕ್ಕುತ್ತದೆ.

ಫಾರಂನಲ್ಲಿ ಎಲ್ಲರೂ ಇವರನ್ನು ಕಾವಮ್ಮ ಎನ್ನುತ್ತಾರೆ. ಕೋಳಿಗಳನ್ನು ಕಾವಿಗೆ ಕೂರಿಸುತ್ತಾರೆಂದು ಯಾರೋ ತಮಾಷೆಗೆ ಇಟ್ಟ ಹೆಸರು ಅಂಟಿಕೊಂಡಿದೆ. ವಯಸ್ಸು ಐವತ್ತಮೂರು, ಕೆಲಸ ಶೆಡ್ ಗುಡಿಸುವುದು. ಈ ಕೋಣೆಯ ಕೆಲಸ ಯಾವ ಕಾಗದದಲ್ಲೂ ಇಲ್ಲ. ಗುಡಿಸುವುದು ಶುರುವಾಗುವ ಮೊದಲು ಒಂದೂವರೆ ಗಂಟೆ, ಮುಗಿದ ಮೇಲೆ ಒಂದು ಗಂಟೆ, ಹೀಗೆ ಹದಿನಾಲ್ಕು ವರ್ಷ.

ಅದಕ್ಕೂ ಹಿಂದಿನ ಹನ್ನೊಂದು ವರ್ಷ ಇವರು ಮಾಡಿದ್ದು ಇದಕ್ಕೆ ತದ್ವಿರುದ್ಧವಾದ ಕೆಲಸ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲ. ಮೊಟ್ಟೆಯನ್ನು ಯಂತ್ರದಲ್ಲಿಟ್ಟು ಮರಿ ಮಾಡಿ ಮಾರುವ ಫಾರಂಗೆ ಅಂಥ ಕೋಳಿ ದಂಡ. ಅದನ್ನು ಎಬ್ಬಿಸಬೇಕು. ತಣ್ಣೀರಿನ ಬಕೆಟ್‌ನಲ್ಲಿ ಹೊಟ್ಟೆಯವರೆಗೆ ಮುಳುಗಿಸಿ, ತಂತಿ ತಳದ ಪಂಜರಕ್ಕೆ ಹಾಕಿದರೆ ಕಾವು ಇಳಿಯುತ್ತದೆ. ಆ ಬಕೆಟ್ ಹಿಡಿಯುತ್ತಿದ್ದ ಕೈ ಕಾವಮ್ಮನದೇ.

"ಒಬ್ಬಳಿದ್ದಳು, ಕಂದು ಬಣ್ಣದವಳು. ಏಳು ಸಲ ಮುಳುಗಿಸಿದೆ. ಏಳು ಸಲವೂ ಮೈ ಒದರಿಕೊಂಡು ಬಂದು ಕೂತಳು. ಮೊಟ್ಟೆ ಎಲ್ಲ ಎತ್ತಿಟ್ಟಿದ್ವಲ್ಲ, ಯಾತರ ಮೇಲೆ ಕೂತಿದ್ದಾಳೆ ಅಂತ ನೋಡಿದ್ರೆ, ಸುಟ್ಟುಹೋದ ಬಲ್ಬು! ಅದಕ್ಕೇ ಕಾವು ಕೊಡ್ತಿದ್ದಾಳೆ. ಎಂಟನೇ ಸಲ ಬಕೆಟ್ ತಂದವಳು ನನಗೇ ನಾಚಿಕೆಯಾಗಿ ನೀರು ಚೆಲ್ಲಿಬಿಟ್ಟೆ."

ಬಲ್ಬು ತೆಗೆದು ಹನ್ನೆರಡು ಮೊಟ್ಟೆ ಇಟ್ಟರು. ಹನ್ನೊಂದು ಮರಿ ಬಂದವು. ಅಂದಿನಿಂದ ಬಕೆಟ್ ಮುಟ್ಟಿಲ್ಲ. ಯಜಮಾನರು ಗದರಿದರು, ಕೆಲಸದವರು ಆಡಿಕೊಂಡರು, ಜಪ್ಪಯ್ಯ ಎಂದರೂ ಇವರು ಪಟ್ಟು ಸಡಿಲಿಸಲಿಲ್ಲ. ಕಳೆದ ವರ್ಷ ಈ ಕೋಣೆಯಿಂದ ತಾಯಿಯ ಹಿಂದೆ ನಡೆದು ಹೊರಬಂದ ಮರಿಗಳು ನಾನೂರ ಹನ್ನೆರಡು. ಯಂತ್ರದಲ್ಲಿ ಅಷ್ಟು ಮರಿ ಒಂದೇ ಬೆಳಗ್ಗೆ ಹೊರಬೀಳುತ್ತವೆ, ಅದನ್ನೂ ಹೇಳಬೇಕು.

"ಮಷೀನಿಗೂ ನನಗೂ ಜಗಳ ಇಲ್ಲಪ್ಪ. ಅದು ಮರಿ ಮಾಡುತ್ತೆ. ಆದ್ರೆ ಮಾಡಿದ ಮೇಲೆ? ಹದ್ದಿನ ನೆರಳು ಬಿದ್ರೆ ಬಗ್ಗು ಅಂತ ಹೇಳೋರ್ಯಾರು? ಹುಳ ಇದು, ಕಲ್ಲು ಇದು ಅಂತ ಕೆದಕಿ ತೋರಿಸೋರ್ಯಾರು? ಅದನ್ನ ಕಲಿಸೋಕೆ ಅಮ್ಮನೇ ಬೇಕು."

ಇನ್ನೊಂದು ಭಯವನ್ನೂ ಅವರು ಮುಚ್ಚಿಡುವುದಿಲ್ಲ. ಕೂರುವ ಕೋಳಿಯನ್ನೆಲ್ಲ ಎಬ್ಬಿಸಿ, ಏಳದಿದ್ದರೆ ಮಾಂಸದಂಗಡಿಗೆ ಕಳಿಸುತ್ತ ಹೋದರೆ ಕೊನೆಗೆ ಕೂರುವ ಬುದ್ಧಿ ಇರುವ ಒಂದು ಕೋಳಿಯೂ ಉಳಿಯುವುದಿಲ್ಲ. ಫಾರಂನಲ್ಲಿ ಆ ಬುದ್ಧಿ ಉಳಿದಿರುವುದು ಈ ಕೋಣೆಯ ಬುಟ್ಟಿಗಳಲ್ಲಿ ಮಾತ್ರ.

ವರದಿಗೆಂದು ನಾನು ಅಲ್ಲಿಗೆ ಹೋದ ಸೋಮವಾರ ಆ ಕೋಣೆಯೂ ಕೈತಪ್ಪುವುದರಲ್ಲಿದೆ. ಯಜಮಾನರು ಎರಡನೆಯ ಯಂತ್ರ ತರಿಸಿದ್ದಾರೆ, ಅದಕ್ಕೆ ಈ ಕೋಣೆಯೇ ಬೇಕು. ಅವರು ಕೆಟ್ಟವರೇನಲ್ಲ, ಆತುರದವರು. ಹೋದ ವಾರ ಒಂದು ಮಾತು ಕೊಟ್ಟಿದ್ದರು: ಮೂರು ಬುಟ್ಟಿಯ ಮೂವತ್ತಾರು ಮೊಟ್ಟೆಯಲ್ಲಿ ಮೂವತ್ತು ಮರಿಯಾದರೆ ಕೋಣೆ ಕೋಳಿಗೆ, ಇಲ್ಲದಿದ್ದರೆ ಯಂತ್ರಕ್ಕೆ. ಮರಿ ಯಾವತ್ತು ಎಂದು ಕೇಳಿದಾಗ ಕಾವಮ್ಮ ಬಾಗಿಲ ಮೇಲಿನ ಸೀಮೆಸುಣ್ಣದ ಗೆರೆ ಎಣಿಸಿ, "ಸೋಮವಾರ" ಎಂದಿದ್ದರು. ದಿನಕ್ಕೊಂದು ಗೆರೆ, ಇಪ್ಪತ್ತೊಂದನೆಯದಕ್ಕೆ ಮರಿ.

ಇವತ್ತು ಗೆರೆ ಇಪ್ಪತ್ತೊಂದು. ಒಂದು ಮೊಟ್ಟೆಯೂ ಬಿರಿದಿಲ್ಲ.

ಕಾವಮ್ಮ ನಾದಿನಿಯನ್ನು ಕೂಗುತ್ತಾರೆ. ಇದೇ ಫಾರಂನಲ್ಲಿ ಮೊಟ್ಟೆ ಜೋಡಿಸುವ ಆಕೆ, ಈ ಕಾವಿನ ಮೊದಲ ವಾರ ಕಾವಮ್ಮ ಜ್ವರದಿಂದ ಮಲಗಿದ್ದಾಗ ಕೋಣೆ ನೋಡಿಕೊಂಡವರು.

"ಗೆರೆ ಯಾವತ್ತಿಂದ ಎಳೆದೆ?"

"ಕೋಳಿ ಕೂತ ದಿನದಿಂದ, ಅತ್ತಿಗೆ."

"ಮರದ ಮೊಟ್ಟೆ ಮೇಲೆ ಕೂತ ದಿನದಿಂದಲಾ?"

ನಾದಿನಿಯ ಮುಖ ಬಿಳಿಚಿಕೊಳ್ಳುತ್ತದೆ. ಕೋಳಿ ಗಟ್ಟಿಯಾಗಿ ಕೂರುತ್ತದೋ ಅರ್ಧಕ್ಕೆ ಎದ್ದುಹೋಗುತ್ತದೋ ಎಂದು ಮೂರು ದಿನ ಮರದ ಮೊಟ್ಟೆ ಇಟ್ಟು ಪರೀಕ್ಷಿಸುವುದು ಇಲ್ಲಿನ ಪದ್ಧತಿ. ಬಡಗಿಯಾದ ಕಾವಮ್ಮನ ಗಂಡ ಅವನ್ನು ಕಡೆದುಕೊಟ್ಟಿದ್ದಾರೆ. ನಾಲ್ಕನೆಯ ದಿನ ನಿಜವಾದ ಮೊಟ್ಟೆ ಬರುತ್ತದೆ, ಲೆಕ್ಕ ಶುರುವಾಗುವುದು ಅಲ್ಲಿಂದ. ನಾದಿನಿ ಮರಕ್ಕೂ ಮೂರು ಗೆರೆ ಎಳೆದಿದ್ದಾರೆ. ಅಂದರೆ ಮರಿ ಬರುವುದು ಗುರುವಾರ.

ಏಳು ಗಂಟೆಗೆ ಯಜಮಾನರು ಬರುತ್ತಾರೆ. ಹಿಂದೆ ಯಂತ್ರ ಹೊತ್ತ ಇಬ್ಬರು ಹಮಾಲರು. ಕಾವಮ್ಮ ಒಂದು ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಮೊಟ್ಟೆಗಳನ್ನು ಒಂದೊಂದಾಗಿ ತೇಲಿಬಿಡುತ್ತಾರೆ. ನೀರು ನಿಶ್ಚಲವಾಗಿದೆ, ಮೊಟ್ಟೆ ಮಾತ್ರ ತನ್ನಷ್ಟಕ್ಕೆ ತಾನು ಅಲುಗಾಡುತ್ತದೆ. ಒಳಗೆ ಯಾರೋ ಮಗ್ಗುಲು ಬದಲಿಸಿದ್ದಾರೆ. ಹಮಾಲರು ಯಂತ್ರ ಕೆಳಗಿಟ್ಟು ಬಗ್ಗಿ ನೋಡುತ್ತಾರೆ. ಮೂವತ್ತಾರರಲ್ಲಿ ಮೂವತ್ತನಾಲ್ಕು ಅಲುಗಾಡಿದವು.

"ಬದುಕಿದಾವೆ, ಸರಿ. ಆದ್ರೆ ಸೋಮವಾರ ಅಂದಿದ್ದು ನೀನೇ ತಾನೆ? ಮಾತು ಅಂದ್ರೆ ಮಾತಮ್ಮ," ಎನ್ನುತ್ತಾರೆ ಯಜಮಾನರು. ಮೊಟ್ಟೆಗಳನ್ನು ಯಂತ್ರದಲ್ಲಿಡಿ, ಕೋಳಿಗಳನ್ನು ಪಂಜರಕ್ಕೆ ಹಾಕಿ ಎಂದೂ ಸೇರಿಸುತ್ತಾರೆ.

ಕಾವಮ್ಮ ಮೊಟ್ಟೆ ಒರೆಸಿ ಹೇಂಟೆಗಳ ಕೆಳಗೆ ವಾಪಸ್ ಇಡುತ್ತಾರೆ. ಮೂಲೆಯಲ್ಲಿದ್ದ ಬಕೆಟ್ ಬೋರಲು ಹಾಕಿ, ಬಾಗಿಲಿಗೆ ಅಡ್ಡಲಾಗಿಟ್ಟು, ಅದರ ಮೇಲೆ ಕೂರುತ್ತಾರೆ.

"ಮಾತು ತಪ್ಪಿದ್ದು ನಾನು ಯಜಮಾನ್ರೇ, ಕೋಳಿ ಅಲ್ಲ. ಅವು ಒಂದಿನವೂ ಲೆಕ್ಕ ತಪ್ಪಿಲ್ಲ. ಬೇಕಾದ್ರೆ ನನ್ನ ಕೆಲಸ ಕಿತ್ಕೊಳ್ಳಿ. ಗುರುವಾರದವರೆಗೆ ನಾನು ಏಳಲ್ಲ."

"ಹಠ ಮಾಡಬೇಡ. ಏಳು."

"ಏಳಲ್ಲ."

ಹೆಂಗಸನ್ನು ಎತ್ತಿ ಪಕ್ಕಕ್ಕಿಡಲು ಹಮಾಲರು ಒಪ್ಪುವುದಿಲ್ಲ. ಯಂತ್ರ ಜಗಲಿಯ ಮೇಲೇ ಉಳಿಯುತ್ತದೆ. ಯಜಮಾನರು ಕೈ ಕೈ ಹಿಸುಕಿಕೊಂಡು ಹೊರಟುಹೋಗುತ್ತಾರೆ. ಒಬ್ಬ ವರದಿಗಾರ ಪಕ್ಷ ವಹಿಸಬಾರದು ಎನ್ನುತ್ತಾರೆ. ನನಗೆ ಆ ಹೊತ್ತು ಚಪ್ಪಾಳೆ ತಟ್ಟಬೇಕೆನಿಸಿತು, ತಟ್ಟಿಯೂ ಬಿಟ್ಟೆ.

ಮೂರು ದಿನ ಆ ಬಕೆಟ್ ಖಾಲಿಯಾಗಲಿಲ್ಲ. ಇವರು ಊಟಕ್ಕೆ, ಸ್ನಾನಕ್ಕೆ ಎದ್ದಾಗ ನಾದಿನಿ ಕೂತರು, ಕತ್ತಲಾದ ಮೇಲೆ ಗಂಡ. "ಇವಳೂ ಕಾವಿಗೆ ಕೂತ ಕೋಳಿ ಹಾಗೇ, ಮೇವು ನೀರಿಗೆ ಅಂತ ದಿನಕ್ಕೆ ಇಪ್ಪತ್ತು ನಿಮಿಷ ಏಳ್ತಾಳೆ ಅಷ್ಟೇ," ಎಂದು ಬಡಗಿ ನಗುತ್ತಾರೆ.

ಗುರುವಾರ ಬೆಳಗ್ಗೆ ನಾನು ಮತ್ತೆ ಹೋದಾಗ ಕೋಣೆ ತುಂಬ ಚಿಲಿಪಿಲಿ. ಎರಡು ಹೇಂಟೆಗಳು ಆಗಲೇ ಮರಿಗಳನ್ನು ಕರೆದುಕೊಂಡು ಅಂಗಳಕ್ಕಿಳಿದಿವೆ. ಮೂರನೆಯದರ ರೆಕ್ಕೆಯಡಿ ಸಣ್ಣ ತಲೆಗಳು ಇಣುಕುತ್ತಿವೆ. ಯಜಮಾನರು ತಾವೇ ಬಂದು, ತಾವೇ ಎಣಿಸುತ್ತಾರೆ. ಒಂದು ಸಲವಲ್ಲ, ಎರಡು ಸಲ.

"ಇಪ್ಪತ್ತೊಂಬತ್ತು," ಎನ್ನುತ್ತಾರೆ. "ಒಂದು ಕಡಿಮೆ ಬಂತಲ್ಲಮ್ಮ." ಧ್ವನಿಯಲ್ಲಿ ಗೆದ್ದ ಸಂತೋಷವೇನೂ ಇಲ್ಲ.

ಕಾವಮ್ಮ ಬಕೆಟ್‌ನ ಮೇಲಿಂದ ಅಲುಗಾಡುವುದಿಲ್ಲ. ಮೊದಲ ಮರಿಗಳ ಹಿಂದೆ ಹೊರಟ ತಾಯಿ ತಡವಾದ ಮೊಟ್ಟೆಯನ್ನು ಬಿಟ್ಟುಹೋಗುವುದುಂಟು. ಅಂಥದ್ದೊಂದು ಬೆಳಗಿನ ಜಾವ ಬುಟ್ಟಿಯಲ್ಲಿ ತಣ್ಣಗಾಗುತ್ತಿತ್ತು. ಅವರು ಸ್ವೆಟರಿನ ಒಳಗೆ ಕೈಹಾಕಿ, ಹೊಟ್ಟೆಗೆ ಒತ್ತಿಟ್ಟುಕೊಂಡಿದ್ದ ಅದನ್ನು ಅಂಗೈಯಲ್ಲಿ ಹೊರತೆಗೆಯುತ್ತಾರೆ. ಚಿಪ್ಪಿನ ಮಧ್ಯೆ ಸುತ್ತಲೂ ಬಿರುಕು. ಬಿರುಕಿನಿಂದ ಸಿಟ್ಟುಬಂದಂತೆ ಒಂದು ಕೂಗು. ಎಲ್ಲರೂ ನೋಡುತ್ತಿದ್ದಂತೆ ಮೇಲಿನ ಅರ್ಧ ಟೋಪಿಯ ಹಾಗೆ ಕಳಚಿಕೊಂಡು, ಒದ್ದೆ ಮುದ್ದೆಯಾದ ಮೂವತ್ತನೆಯದು ಅಂಗೈಗೆ ಹೊರಳುತ್ತದೆ.

ಯಜಮಾನರು ಹಮಾಲರನ್ನು ಕರೆದು, ಯಂತ್ರವನ್ನು ಮುಂದಿನ ಶೆಡ್‌ಗೆ ಸಾಗಿಸಲು ಹೇಳುತ್ತಾರೆ.

ಮರಿಯನ್ನು ಹೇಂಟೆಯ ರೆಕ್ಕೆಯಡಿ ಸೇರಿಸಿ ಬಂದ ಕಾವಮ್ಮನನ್ನು ಏನು ಬೇಕೆಂದು ಕೇಳುತ್ತೇನೆ. ಬಾಗಿಲಿಗೆ ಒಳಗಿನಿಂದ ಒಂದು ಚಿಲಕ, ಅಷ್ಟೇ ಸಾಕಂತೆ. ಮೂವತ್ತನೆಯದು ಬರದೇ ಹೋಗಿದ್ದರೆ ಎದ್ದು ಜಾಗ ಬಿಡುತ್ತಿದ್ದಿರಾ ಎಂದೂ ಕೇಳುತ್ತೇನೆ. ಅವರು ಪೊರಕೆ ಎತ್ತಿಕೊಂಡು ಶೆಡ್ ಕಡೆ ಹೊರಟವರು ನಿಂತು ನಗುತ್ತಾರೆ.

"ಕಾವಿಗೆ ಕೂತವಳನ್ನ ಎಬ್ಬಿಸೋ ಕೆಲಸ ಹನ್ನೊಂದು ವರ್ಷ ಮಾಡಿದ್ದೀನಿ. ಅದು ಎಷ್ಟು ಕಷ್ಟ ಅಂತ ನನ್ನನ್ನ ಕೇಳಿ."