ಹಾಸಿನ ಕೆಳಗೆ ಕಸದ ಬಕೆಟ್

ಇಳಕಲ್ಲಿನ ನಮ್ಮ ಓಣಿಯಲ್ಲಿ ಸೀರೆಯ ಹಾಸನ್ನು, ಅಂದರೆ ಮಗ್ಗಕ್ಕೆ ಏರಿಸುವ ಉದ್ದನೆಯ ಎಳೆಗಳನ್ನು, ಬೆಳಿಗ್ಗೆ ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಾರೆ. ಓಣಿ ಇಕ್ಕಟ್ಟು, ದಾಟುವವರು ಬಗ್ಗಿ ಹಾಸಿನ ಕೆಳಗೇ ನುಸುಳಬೇಕು. ಗಂಜಿ ಒಣಗುವ ಮೊದಲು ಬಿಚ್ಚಿದರೆ ಎಳೆಗಳು ಅಂಟಿಕೊಂಡು ಹಾಸೇ ಹಾಳು.

ಅವತ್ತು ನಮ್ಮ ಅತ್ತೆ ಹಾಕಿದ್ದು ಮಗಳ ಮದುವೆ ಸೀರೆಯ ಹಾಸು. ಅದೇ ಹೊತ್ತಿಗೆ ನಗರಸಭೆಯ ಕಸದ ಗಾಡಿ ಹಾಡು ಹಾಡುತ್ತ ಬಂದು ಓಣಿಯ ಬಾಯಲ್ಲಿ ನಿಂತಿತು.

“ಅಕ್ಕಾರ, ಇದನ್ನ ತಗೀರಿ. ಗಾಡಿ ಒಳಗ ಹೋಗಬೇಕು,” ಎಂದ ಚಾಲಕ.

“ತಗದ್ರ ನನ್ನ ಮಗಳು ಏನ ಉಟಗೋಬೇಕು, ನಿನ್ನ ಗಾಡಿ ತಾಡಪತ್ರಿ?” ಎಂದಳು ಅತ್ತೆ.

ಚಾಲಕ ವಾರ್ಡಿನ ಸದಸ್ಯರಿಗೆ ಫೋನ್ ಹಚ್ಚಿದ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ ಅವರು, “ರಸ್ತಾ ನಗರಸಭೆದು ಐತ್ರಿ,” ಎಂದು ಗಂಭೀರವಾಗಿ ಹೇಳಿದರು.

ಕಟ್ಟೆಯ ಮೇಲಿದ್ದ ನಮ್ಮ ಅಜ್ಜಿ ಅಡಕೆ ಜಗಿಯುತ್ತಲೇ ಅಂದಳು: “ಖರೆ ಐತಿ ತಮ್ಮಾ. ಕಸಾನೂ ನಗರಸಭೆದ. ಗಾಡಿ ಬರಾಕ ಆಗದಿದ್ರ ನೀನ ಒಯ್ಯಿ. ಓಟಿಗೆ ಬಂದಾಗ ನನ್ನ ಕಾಲತನಕ ಬಗ್ಗಿದ್ದಿ. ಹಾಸು ಅದಕಿಂತ ಎತ್ತರ ಐತಿ.”

ಓಣಿಯೇ ನಕ್ಕಿತು. ಸದಸ್ಯರೂ ನಗಬೇಕಾಯಿತು. ಮೊದಲ ಬಕೆಟ್ ಎತ್ತಿಕೊಂಡು ಬಗ್ಗಿ ನುಸುಳಿದರು. ಹಿಂದೆ ನಾವೆಲ್ಲ ನಮ್ಮ ನಮ್ಮ ಬಕೆಟ್ ಹಿಡಿದು ಹೊರಟೆವು. ಚಾಲಕ ಅವರ ಬಕೆಟ್ಟಿನೊಳಗೆ ಇಣುಕಿ, “ಸಾಹೇಬ್ರ, ಹಸಿ ಕಸ ಬ್ಯಾರೆ ಮಾಡಿ ತರ್ರಿ,” ಎಂದ.

ಸದಸ್ಯರು ಬಕೆಟ್ ಹಿಡಿದು ಮತ್ತೆ ಬಗ್ಗಿದರು. ಬಿಸಿಲೇರಿ ಹಾಸು ಒಣಗುವವರೆಗೂ ಬಗ್ಗುತ್ತಲೇ ಇದ್ದರು. ಅತ್ತೆಯ ಒಂದೆಳೆಯೂ ಹರಿಯಲಿಲ್ಲ.